ಈಗರ್ಲಿ ಕಾಯೋದೋ, ಇಂಪೇಶಂಟ್ಲಿ ಕಾಯೋದೋ?

ನಮ್ಮ ಕ್ಯಾಂಪಸ್ಸಿನಿಂದ ಹೊರಗೆ ಹೋಗುವ ಇಮೇಲ್‌ಗಳ ವಿಷಯ ಏನೇ ಇರಲಿ, ಕೊನೇ ಸಾಲು ಮಾತ್ರ ಬಹುತೇಕ ಒಂದೇ: ‘ಈಗರ್ಲಿ ವೇಟಿಂಗ್ ಫಾರ್ ಯುವರ್ ರಿಪ್ಲೈ.’ ಇಂಟರ್ನ್‌ಶಿಪ್ ಕೇಳಿ ಕಂಪನಿಗೆ ಬರೆದದ್ದರಲ್ಲೂ ಅದೇ. ಸ್ಕಾಲರ್‌ಶಿಪ್ ಹಣ ಇನ್ನೂ ಅಕೌಂಟಿಗೆ ಬಿದ್ದಿಲ್ಲ ಅಂತ ಆಫೀಸಿಗೆ ಬರೆದದ್ದರಲ್ಲೂ ಅದೇ. ಫೆಸ್ಟ್‌ಗೆ ಅತಿಥಿಗಳನ್ನು ಕರೆದ ಪತ್ರದಲ್ಲೂ ಅದೇ. ಮೂರು ಕಡೆ ನಾವು ಕಾಯುವುದು ಮೂರು ಥರ. ಒಂದು ಕಡೆ ಆಸೆ, ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಸಂಭ್ರಮ. ಪದ ಮಾತ್ರ ಮೂರಕ್ಕೂ ಒಂದೇ ಅಂಗಿ ಹೊಲಿಸಿದ ಹಾಗೆ.

ಇಂಗ್ಲಿಷ್ ಬ್ಯಾಡ ಅಂತ ಹೇಳೋಕೆ ಇದನ್ನು ಬರೀತಿಲ್ಲ. ನಾವೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿ ಬಂದವರು, ಮೊದಲ ವರ್ಷದಲ್ಲಿ ಕಮ್ಯುನಿಕೇಟಿವ್ ಇಂಗ್ಲಿಷ್ ಪಾಠವನ್ನೂ ಸಾಂಸ್ಕೃತಿಕ ಕನ್ನಡ ಪಾಠವನ್ನೂ ಒಂದೇ ಬ್ಯಾಗಿನಲ್ಲಿ ಹೊತ್ತವರು. ನಮ್ಮ ವಾದ ಇಷ್ಟೇ. ಕಾಯುವವರಿಗೆ ಹಚ್ಚುವ ಕ್ರಿಯಾವಿಶೇಷಣ ಬರೀ ವ್ಯಾಕರಣದ ವಿಷಯ ಅಲ್ಲ. ತಡ ಆಗಿದ್ದು ಯಾರಿಂದ, ತಪ್ಪು ಕಾಯುವವರದೋ ಕಾಯಿಸುವವರದೋ ಅನ್ನುವ ತೀರ್ಪು ಆ ಪುಟ್ಟ ಪದದ ಒಳಗೇ ಕೂತಿರುತ್ತದೆ. ಪದ ಆರಿಸುವಾಗ ನಾವು ಆ ತೀರ್ಪಿಗೂ ಸಹಿ ಹಾಕುತ್ತೇವೆ.

ಮೊದಲು ಇಂಗ್ಲಿಷ್ ಪದಗಳನ್ನೇ ನೋಡೋಣ. ಗಬ್ಬೂರಿನ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ನಾಲ್ಕು ಮಂದಿ ನಿಂತಿದ್ದಾರೆ ಅಂದುಕೊಳ್ಳಿ. ಒಬ್ಬಳು ಕಾಲೇಜಿನ ಮೊದಲ ದಿನಕ್ಕೆ ಹೊರಟವಳು. ಅವಳು ಕಾಯೋದು ಈಗರ್ಲಿ. ಒಬ್ಬರ ಅಣ್ಣ ರಾಯಚೂರಿನ ದವಾಖಾನೆಯಲ್ಲಿ ಅಡ್ಮಿಟ್ ಆಗಿದ್ದಾನೆ. ಅವರು ಕಾಯೋದು ಆಂಕ್ಷಿಯಸ್ಲಿ. ಒಬ್ಬ ಎರಡು ನಿಮಿಷಕ್ಕೊಮ್ಮೆ ಫೋನಿನಲ್ಲಿ ಟೈಮ್ ನೋಡಿ ಕಂಟ್ರೋಲರ್‌ಗೆ ಬೈತಾನೆ. ಅವನದು ಇಂಪೇಶಂಟ್ಲಿ. ನಾಲ್ಕನೆಯವರಿಗೆ ಈ ಬಸ್ಸು ತಪ್ಪಿದರೆ ಇವತ್ತು ಬೇರೆ ದಾರಿಯೇ ಇಲ್ಲ. ಅವರದು ಡೆಸ್ಪರೇಟ್ಲಿ. ಬಸ್ಸು ಒಂದೇ, ತಡ ಆದದ್ದೂ ಒಂದೇ ಅರ್ಧ ಗಂಟೆ. ಆ ಅರ್ಧ ಗಂಟೆ ನಾಲ್ಕು ಎದೆಯೊಳಗೆ ನಾಲ್ಕು ಥರ ಕಳೆಯುತ್ತದೆ.

ಈ ಪದಗಳ ಬೇರು ಕೆದಕಿದರೆ ಇನ್ನೂ ಮಜಾ ಇದೆ. ‘ಈಗರ್’ ಫ್ರೆಂಚಿನ ‘ಎಗ್ರ್’ ಮೂಲಕ ಲ್ಯಾಟಿನ್ನಿನಿಂದ ಬಂದದ್ದು. ಮೂಲದಲ್ಲಿ ಚೂಪು, ಹುಳಿ ಅನ್ನುವ ಅರ್ಥ. ‘ವಿನೆಗರ್’ನ ಬಾಲದಲ್ಲಿರುವ ‘ಎಗರ್’ ಕೂಡ ಅದೇ ಬೇರಿನದು. ‘ಆಂಕ್ಷಿಯಸ್’ನ ಬೇರಿಗೆ ಹಿಸುಕು, ಗಂಟಲು ಅಮುಕು ಅನ್ನುವ ಅರ್ಥ. ದವಾಖಾನೆಗೆ ಹೊರಟವರ ಗಂಟಲು ಹಿಡಿಯೋದನ್ನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಡೆಸ್ಪರೇಟ್’ ಅಂದರೆ ಭರವಸೆ ಕಳಕೊಂಡವನು. ಹಾಗಾಗಿ ಕಂಪನಿಗೆ ‘ಡೆಸ್ಪರೇಟ್ಲಿ ವೇಟಿಂಗ್ ಫಾರ್ ದಿಸ್ ಆಪರ್ಚುನಿಟಿ’ ಅಂತ ಬರೆದರೆ, ನನಗೆ ಬೇರೆ ಯಾರೂ ಕೆಲಸ ಕೊಡ್ತಿಲ್ಲ ಅಂತ ನಾವೇ ಡಂಗುರ ಸಾರಿದ ಹಾಗೆ. ‘ಇಂಪೇಶಂಟ್’ನ ಬೇರು ನೋವು ತಡಕೊಳ್ಳೋದು. ತಡಕೊಳ್ಳುವವನು ಪೇಶಂಟ್, ತಡಕೊಳ್ಳಲಾರದವನು ಇಂಪೇಶಂಟ್. ಆಸ್ಪತ್ರೆಯ ಪೇಶಂಟ್‌ಗೂ ಬೇರು ಇದೇ.

ಈಗ ಒಂದು ವಿಷಯ ಗಮನಿಸಿ. ಈ ನಾಲ್ಕರಲ್ಲಿ ‘ಈಗರ್ಲಿ’ಯನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ತೇವೆ. ‘ಇಂಪೇಶಂಟ್ಲಿ’ಯನ್ನು ಹೆಚ್ಚಾಗಿ ಬೇರೆಯವರ ಬಗ್ಗೆ ಹೇಳ್ತೇವೆ. ಗೆಳೆಯನಿಗೆ ತಮಾಷೆಗೆ ಬರೀಬಹುದು, ಆಫೀಸಿಗೆ ಬರೆಯುವ ಪತ್ರದಲ್ಲಿ ‘ನಾನು ಇಂಪೇಶಂಟ್ಲಿ ಕಾಯ್ತಿದ್ದೇನೆ’ ಅಂತ ಯಾರೂ ಬರೆಯುವುದಿಲ್ಲ. ಯಾಕಂದ್ರೆ ಅದರಲ್ಲಿ ಬೈಗುಳದ ವಾಸನೆ ಇದೆ, ಆ ಬೈಗುಳ ಬೀಳೋದು ಕಾಯುವವನ ಮೇಲೆ. ತಡ ಮಾಡಿದವನ ಹೆಸರು ಆ ಪದದಲ್ಲಿ ಎಲ್ಲೂ ಇಲ್ಲ. ನಿನಗೆ ತಾಳ್ಮೆ ಇಲ್ಲ ಅನ್ನೋದಷ್ಟೇ ಇದೆ. ಅದಕ್ಕೇ ಆರು ತಿಂಗಳಿಂದ ಬಾರದ ಹಣ ಕೇಳುವಾಗಲೂ ಹುಡುಗರು ನಗುಮುಖ ಹಾಕ್ಕೊಂಡು ‘ಈಗರ್ಲಿ’ ಅಂತಾರೆ. ಸಿಟ್ಟು ಒಳಗೇ ಉಳಿಯುತ್ತದೆ, ತಡ ಮಾಡಿದವರಿಗೆ ತಡ ಮಾಡಿದ್ದೇ ಕಾಣೋದಿಲ್ಲ.

ಕನ್ನಡಕ್ಕೆ ಬರೋಣ. ಪಠ್ಯಪುಸ್ತಕದ ಅನುವಾದ ನೋಡಿದರೆ ‘ಈಗರ್ಲಿ’ ಅಂದರೆ ‘ಉತ್ಸುಕತೆಯಿಂದ’. ಮಾರ್ಕ್ಸ್ ಬರುತ್ತೆ, ಆದರೆ ಊರಲ್ಲಿ ಯಾರೂ ಉತ್ಸುಕತೆಯಿಂದ ಬಸ್ಸಿಗೆ ಕಾಯೋದಿಲ್ಲ. ಜನರ ಬಾಯಲ್ಲಿ ಇರುವ ಪದಗಳು ಬೇರೆ: ಆತುರ, ಅವಸರ, ಕಾತರ, ತವಕ, ಚಡಪಡಿಕೆ. ಇವು ಒಂದರ ಬದಲು ಇನ್ನೊಂದು ಹಾಕೋ ಪದಗಳಲ್ಲ. ಅವಸರ ಹೊರಗಿಂದ ಬರುತ್ತದೆ. ಟೈಮ್ ಕಮ್ಮಿ ಇದೆ, ಕೆಲಸ ಜಾಸ್ತಿ ಇದೆ, ಅದಕ್ಕೆ ಅವಸರ. ಆತುರ ಒಳಗಿನದು. ಟೈಮ್ ಇದ್ದರೂ ಮನಸ್ಸು ನಿಲ್ಲೋದಿಲ್ಲ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಅನ್ನುವ ಗಾದೆ ಇರೋದು ಅದಕ್ಕೇ. ಅವಸರದವನಿಗೆ ಬುದ್ಧಿ ಮಟ್ಟ ಅಂತ ಯಾರೂ ಅನ್ನೋದಿಲ್ಲ. ಕಾತರದಲ್ಲಿ ಆಸೆ ಮತ್ತು ಅಂಜಿಕೆ ಎರಡೂ ಕೂಡಿವೆ, ರಿಸಲ್ಟ್ ದಿನದ ಹಾಗೆ. ತವಕ ಅಂದರೆ ಏನೋ ಮಾಡಬೇಕು, ಯಾರನ್ನೋ ನೋಡಬೇಕು ಅನ್ನುವ ಎಳೆತ. ಚಡಪಡಿಕೆ ಮೈಗೆ ಸೇರಿದ್ದು, ಅದು ಕಣ್ಣಿಗೇ ಕಾಣುತ್ತದೆ. ಇಂಗ್ಲಿಷ್ ‘ಇಂಪೇಶಂಟ್ಲಿ’ ಒಂದೇ ಬುಟ್ಟಿಗೆ ಹಾಕುವುದನ್ನು ಕನ್ನಡ ಎರಡು ಬುಟ್ಟಿ ಮಾಡಿ ಇಟ್ಟಿದೆ. ಕಾರಣ ಹೊರಗಿದ್ದರೆ ಒಂದು ಪದ, ಒಳಗಿದ್ದರೆ ಇನ್ನೊಂದು.

ಈ ಪದಗಳ ಪ್ರಯಾಣವೂ ಸಣ್ಣದಲ್ಲ. ಸಂಸ್ಕೃತದಲ್ಲಿ ಆತುರ ಅಂದರೆ ರೋಗಿ, ಆತುರಾಲಯ ಅಂದರೆ ಆಸ್ಪತ್ರೆ. ಇಂಗ್ಲಿಷಿನಲ್ಲಿ ರೋಗಿಯ ಹೆಸರಿನಿಂದ ತಾಳ್ಮೆ ಹುಟ್ಟಿದ ಹಾಗೆ ಕಾಣುತ್ತದೆ, ನಮ್ಮಲ್ಲಿ ರೋಗಿಯ ಹೆಸರಿನಿಂದ ತಾಳಲಾರದ್ದು ಹುಟ್ಟಿದೆ. ಒಂದೇ ಹಾಸಿಗೆಯ ಎರಡು ಬದಿ. ನೋವಿನಲ್ಲಿರುವವನು ತಡಕೊಳ್ಳಬೇಕು ಅಂತ ಒಂದು ಕಡೆ, ನೋವಿನಲ್ಲಿರುವವನು ತಡಕೊಳ್ಳಲಾರ ಅಂತ ಇನ್ನೊಂದು ಕಡೆ. ಕಾತರಕ್ಕೆ ಸಂಸ್ಕೃತದಲ್ಲಿ ಹೆದರಿದವನು ಅನ್ನುವ ಅರ್ಥ. ‘ಅವಸರ’ದ ಕಥೆಯನ್ನು ನಮ್ಮ ಹಾಸ್ಟೆಲಿನಲ್ಲೇ ಪರೀಕ್ಷೆ ಮಾಡಬಹುದು. ಹಿಂದಿ ಹುಡುಗನಿಗೆ ಅವಸರ ಅಂದರೆ ಅವಕಾಶ. ತೆಲುಗು ಹುಡುಗನಿಗೆ ಅವಸರಂ ಅಂದರೆ ಬೇಕು, ಜರೂರಿ. ಕನ್ನಡದವರಿಗೆ ಬೇಗ ಆಗಬೇಕು ಅನ್ನುವ ಒತ್ತಡ. ಮೂರನ್ನೂ ಜೋಡಿಸಿದರೆ ಒಂದು ಪೂರ್ತಿ ವಾಕ್ಯವೇ ಆಗ್ತದೆ: ಅವಕಾಶ ಬಂದಿದೆ, ಅದು ಬೇಕು, ಅದಕ್ಕೇ ಬೇಗ.

ನಮ್ಮ ಭಾಗದ ಮಾತಿನಲ್ಲಿ ಈ ಬಣ್ಣಗಳು ಇನ್ನೂ ಜಾಸ್ತಿ. ‘ಲಗೂ ಬಾ’, ‘ಜಲ್ದಿ ಮಾಡ್ರಿ’, ‘ದೌಡ ಹೋಗು’, ‘ಯಾಕಿಷ್ಟು ಗಡಿಬಿಡಿ’. ಲಗು ಅನ್ನೋದು ಸಂಸ್ಕೃತದ ಲಘುವಿನಿಂದ, ಜಲ್ದಿ ಮತ್ತು ದೌಡ ಉರ್ದು-ಹಿಂದಿ ಕಡೆಯಿಂದ. ರಾಯಚೂರು 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರುವ ತನಕ ಹೈದರಾಬಾದ್ ರಾಜ್ಯದಲ್ಲಿತ್ತು, ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಹಾಗಾಗಿ ಅವಸರ ಮಾಡೋಕೂ ನಮಗೆ ನಾಲ್ಕು ಭಾಷೆ ಬೇಕು. ಬೆಂಗಳೂರು, ಮೈಸೂರಿನ ಗೆಳೆಯರು ‘ಜಲ್ದಿ’ ಕೇಳಿದರೆ ನಗ್ತಾರೆ, ‘ಬೇಗ’ ಅನ್ನೋದೇ ಶುದ್ಧ ಕನ್ನಡ ಅಂತಾರೆ. ಆ ‘ಬೇಗ’ವೂ ಸಂಸ್ಕೃತದ ‘ವೇಗ’ದ ತದ್ಭವ. ಯಾರ ಗಾಡಿಯೂ ಪೂರ್ತಿ ಸ್ವಂತದ್ದಲ್ಲ.

ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ‘ಲಿ’ ಹಚ್ಚಿದರೆ ಕೆಲಸ ಮುಗೀತು. ಕನ್ನಡದಲ್ಲಿ ‘ಆಗಿ’, ‘ಇಂದ’ ಹಚ್ಚಬಹುದು, ಆದರೆ ನಮ್ಮ ಜನ ಹೆಚ್ಚು ನಂಬೋದು ಶಬ್ದವನ್ನ ಮತ್ತು ಮೈಯನ್ನ. ಹೈಸ್ಕೂಲ್ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿದ್ದು ನೆನಪಿರಬಹುದು. ಚಟಪಟ, ದಡದಡ, ಸರಸರ, ಬಿರಬಿರ ಅಂಥವು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅವ್ಯಯಕ್ಕೇ ಒಂದು ಪ್ರಕರಣ ಕೊಟ್ಟಿದ್ದಾನೆ. ದ್ವಿರುಕ್ತಿಯ ಪಾಠದಲ್ಲಿ ಪದವನ್ನು ಎರಡು ಸಲ ಹೇಳುವ ಕಾರಣಗಳ ಪಟ್ಟಿ ಬರುತ್ತಲ್ಲ, ಸಂಭ್ರಮ, ಕೋಪ, ಆಶ್ಚರ್ಯ ಅಂತ, ಅದರಲ್ಲಿ ಅವಸರವೂ ಒಂದು. ‘ನಡಿ ನಡಿ, ಹೊತ್ತಾತು’ ಅಂದಾಗ ಯಾವ ಕ್ರಿಯಾವಿಶೇಷಣವೂ ಇಲ್ಲ, ಆದರೆ ಅವಸರ ಪೂರ್ತಿ ಇದೆ. ಅವಸರದಲ್ಲಿ ಮಾತು ಚಿಕ್ಕದಾಗಬೇಕಿತ್ತು, ನಮ್ಮವರು ಎರಡು ಸಲ ಹೇಳ್ತಾರೆ. ಆದರೂ ಕೇಳಿಸಿಕೊಂಡವನು ಓಡ್ತಾನೆ.

ಮೈಯ ಮಾತಂತೂ ಇನ್ನೂ ಚೆಂದ. ತುದಿಗಾಲ ಮೇಲೆ ನಿಲ್ಲೋದು, ಹಾದಿ ನೋಡೋದು, ಎದ್ದು ಬಿದ್ದು ಓಡೋದು, ಜೀವ ತಡೀಲಾರದೆ ಕೇಳೋದು. ‘ಕುಂತಲ್ಲಿ ಕುಂದ್ರವಲ್ಲ, ನಿಂತಲ್ಲಿ ನಿಂದ್ರವಲ್ಲ’ ಅಂದರೆ ಆ ಮನುಷ್ಯ ಕಣ್ಣ ಮುಂದೆ ಬರ್ತಾನೆ. ಇಂಗ್ಲಿಷ್ ಪದ ಅವನ ಸ್ವಭಾವಕ್ಕೆ ಒಂದು ಲೇಬಲ್ ಹಚ್ಚುತ್ತದೆ, ಈ ಮಾತು ಅವನ ಪರಿಸ್ಥಿತಿಯನ್ನು ತೋರಿಸಿ ಸುಮ್ಮನಾಗುತ್ತದೆ. ನೋಡಿದವರು ತಾವೇ ಕೇಳಬೇಕು: ಪಾಪ, ಯಾಕೆ ಹೀಗೆ ಒದ್ದಾಡ್ತಿದ್ದಾನೆ?

ಇದನ್ನು ನಮ್ಮ ಬ್ರಾಂಚಿನ ಭಾಷೆಯಲ್ಲೂ ಹೇಳಬಹುದು. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಬ್ಯುಸಿ ವೇಟಿಂಗ್ ಬರುತ್ತದೆ. ಒಂದು ಪ್ರೋಸೆಸ್ ಬೇರೆ ಏನೂ ಕೆಲಸ ಮಾಡದೆ, ರೆಡಿ ಆಯ್ತಾ, ರೆಡಿ ಆಯ್ತಾ ಅಂತ ಕೇಳುತ್ತಲೇ ಇರುತ್ತದೆ. ರಿಸಲ್ಟ್ ದಿನ ನಾವು ಪೇಜ್ ರಿಫ್ರೆಶ್ ಮಾಡೋದು ಇದೇ, ಇದು ಅಪ್ಪಟ ಆತುರ. ಇಂಟರಪ್ಟ್ ಅನ್ನೋ ವ್ಯವಸ್ಥೆ ಇದ್ದರೆ ಈ ಒದ್ದಾಟ ಬೇಕಿಲ್ಲ. ಸಿದ್ಧವಾದಾಗ ಅದೇ ಕರೆಯುತ್ತದೆ, ಅಲ್ಲಿಯ ತನಕ ಬೇರೆ ಕೆಲಸ ಮಾಡಬಹುದು. ಅದೇ ಪುಸ್ತಕದಲ್ಲಿ ಸ್ಟಾರ್ವೇಶನ್ ಅಂತಲೂ ಇದೆ. ಕಡಿಮೆ ಪ್ರಯಾರಿಟಿಯ ಪ್ರೋಸೆಸ್ ಸಾಲಿನಲ್ಲಿ ನಿಂತೇ ಇರುತ್ತದೆ, ಮೇಲಿನವರು ಬರ್ತಾ ಇರ್ತಾರೆ, ಇದರ ಪಾಳಿ ಬರೋದೇ ಇಲ್ಲ. ಅಂಥ ಪ್ರೋಸೆಸ್‌ಗೆ ತಾಳ್ಮೆ ಇಲ್ಲ ಅಂತ ಯಾವ ಪುಸ್ತಕವೂ ಬರೆದಿಲ್ಲ. ತಪ್ಪು ಶೆಡ್ಯೂಲರ್‌ನದು ಅಂತ ಬರೆದು, ಪರಿಹಾರವಾಗಿ ಏಜಿಂಗ್ ಹೇಳ್ತಾರೆ. ಕಾದಷ್ಟೂ ಪ್ರಯಾರಿಟಿ ಏರಬೇಕು.

ಈಗ ಇದನ್ನು ನಮ್ಮೂರ ಕಡೆ ತಿರುಗಿಸಿ. ದೇವದುರ್ಗ ತಾಲೂಕಿಗೆ ನೀರು ಬರೋದು ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯಿಂದ. ಮಾನ್ವಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ. ವಾರಬಂದಿ ಅಂತ ಪಾಳಿ ಪ್ರಕಾರ ನೀರು ಬಿಡ್ತಾರೆ. ನಮ್ಮ ಲೆಕ್ಕದಲ್ಲಿ ಅದು ರೌಂಡ್ ರಾಬಿನ್, ಪ್ರತಿಯೊಬ್ಬರಿಗೂ ಒಂದು ಟೈಮ್ ಕ್ವಾಂಟಮ್. ಕಾಗದದ ಮೇಲೆ ಚೊಕ್ಕ ಇದೆ. ಆದರೆ ಮೇಲಿನ ಭಾಗದಲ್ಲಿ ನೀರು ಹೆಚ್ಚು ಖರ್ಚಾದರೆ ಟೇಲ್ ಎಂಡಿನ ಹೊಲಕ್ಕೆ ಪಾಳಿ ಬಂದರೂ ನೀರು ಬರೋದಿಲ್ಲ. ಮೆಣಸಿನಕಾಯಿಗೋ ಭತ್ತಕ್ಕೋ ಇನ್ನೊಂದು ನೀರು ಸಿಕ್ಕರೆ ಬೆಳೆ ಕೈಗೆ, ಇಲ್ಲದಿದ್ದರೆ ಸಾಲ ತಲೆಗೆ. ಆ ಕಾಲುವೆ ದಂಡೆ ಮೇಲೆ ಕೂತ ರೈತನಿಗೆ ಯಾವ ಪದ ಹಚ್ಚೋಣ? ಇಂಪೇಶಂಟ್ಲಿ ಅಂದರೆ ಅವನಿಗೆ ಅನ್ಯಾಯ. ಈಗರ್ಲಿ ಅಂದರೆ ಚೇಷ್ಟೆ ಮಾಡಿದ ಹಾಗೆ. ಅವಸರ ಅನ್ನೋದೇ ಸರಿ, ಅದರಲ್ಲೂ ತೆಲುಗಿನ ಅರ್ಥ ಸೇರಿಸಿಕೊಂಡ ಅವಸರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿ ಹೋಯಿತು. ತುಂಬಿದ ಜಲಾಶಯದಿಂದ ನೀರು ಹರಿದು ಹೋಗ್ತಿತ್ತು, ಇತ್ತ ಮಾನ್ವಿ, ಸಿಂಧನೂರು ಕಡೆ ಭತ್ತದವರು ಕಣ್ಣು ಬಿಟ್ಟು ಕೂತಿದ್ದರು. ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು. ‘ಆಂಕ್ಷಿಯಸ್ಲಿ’ ಅನ್ನುವ ಪದಕ್ಕೆ ಅದಕ್ಕಿಂತ ಸರಿಯಾದ ವಾರ ಸಿಗೋದಿಲ್ಲ. ಕನ್ನಡದಲ್ಲಿ ಅದು ಕಾತರ, ಅಂಜಿಕೆಯ ಪಾಲು ಆಸೆಗಿಂತ ಜಾಸ್ತಿ ಇರುವ ಕಾತರ.

ಇನ್ನೊಂದು ಕಾಯುವಿಕೆ ಇದೆ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ಕ್ಕೆ ಶುರುವಾದ ಧರಣಿ ಸಾವಿರ ದಿನ ದಾಟಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ 371ಜೆ ಬಂದದ್ದೂ ಇಂಥದ್ದೇ ದೀರ್ಘ ಹೋರಾಟದ ನಂತರ. ನಮ್ಮಲ್ಲಿ ಅನೇಕರು ಈ ಕಾಲೇಜಿಗೆ ಬಂದದ್ದು ಆ ಕಲಂ ಕೊಟ್ಟ ಮೀಸಲಾತಿಯಲ್ಲೇ. ಸಾವಿರ ದಿನ ಕೂತವರನ್ನು ತಾಳ್ಮೆಗೆಟ್ಟವರು ಅನ್ನೋಕೆ ಯಾರಿಗೆ ಬಾಯಿ ಬರುತ್ತದೆ? ಆದರೂ ಕಾಯುವವರಿಗೆ ಸಿಗುವ ಮೊದಲ ಉತ್ತರ ‘ತಾಳ್ಮೆಯಿಂದಿರಿ’ ಅನ್ನೋದೇ. ‘ತಾಳಿದವನು ಬಾಳಿಯಾನು’ ನಮ್ಮ ಒಳ್ಳೇ ಗಾದೆ. ಅಜ್ಜಿ ಮೊಮ್ಮಗನಿಗೆ ಹೇಳಿದರೆ ಅದು ಬುದ್ಧಿವಾದ. ಕಾಯಿಸುವವರೇ ಕಾಯುವವರಿಗೆ ಹೇಳಿದರೆ ಅದು ಬುದ್ಧಿವಾದ ಅಲ್ಲ, ಜಾರಿಕೊಳ್ಳೋ ದಾರಿ.

ಒಂದು ಪದ ಬದಲಾಯಿಸಿದರೆ ಕಾಲುವೆಗೆ ನೀರು ಬರುತ್ತಾ ಅಂತ ನೀವು ಕೇಳಬಹುದು. ಬರೋದಿಲ್ಲ. ಆದರೆ ಅರ್ಜಿ ಬರೆಯುವವರು ನಾಳೆ ನಾವೇ. ಊರಲ್ಲಿ ಇಂಗ್ಲಿಷ್ ಬರುವ ಹುಡುಗರು ಅಂದರೆ ನಾವು, ಪೆನ್ನು ನಮ್ಮ ಕೈಗೇ ಕೊಡ್ತಾರೆ. ಕಾಕಾನ ಪರಿಹಾರದ ಅರ್ಜಿ, ಅವ್ವನ ಪಿಂಚಣಿಯ ಪತ್ರ, ಓಣಿಯ ನೀರಿನ ಮನವಿ. ಅದರಲ್ಲಿ ‘ಈಗರ್ಲಿ ವೇಟಿಂಗ್’ ಅಂತ ಬರೆದರೆ ಓದುವವರಿಗೆ ಅದು ಶುಭಾಶಯ ಪತ್ರದ ಹಾಗೆ ಕಾಣುತ್ತದೆ.

ಹಾಗಾದರೆ ಏನು ಬರೆಯೋದು? ಸಂತೋಷದ ಕಾಯುವಿಕೆಗೆ ‘ಈಗರ್ಲಿ’ ಇರಲಿ, ಫೆಸ್ಟ್‌ಗೆ ಬರುವ ಅತಿಥಿಗೆ ಅದು ಒಪ್ಪುತ್ತದೆ. ಕಂಪನಿಗೆ ಬರೆಯುವಾಗ ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸಾಕು, ತುದಿಗಾಲ ಮೇಲೆ ನಿಂತದ್ದನ್ನು ಅವರಿಗೆ ತೋರಿಸಬೇಕಿಲ್ಲ. ಬರಬೇಕಾದದ್ದು ಬಾರದೆ ಇದ್ದಾಗ ಮಾತ್ರ ಕ್ರಿಯಾವಿಶೇಷಣವನ್ನೇ ತೆಗೆದುಹಾಕಿ, ಆ ಜಾಗದಲ್ಲಿ ತಾರೀಕು ಬರೆಯಿರಿ. ಅರ್ಜಿ ಕೊಟ್ಟದ್ದು ಯಾವತ್ತು, ಉತ್ತರ ಬರಬೇಕಿದ್ದದ್ದು ಯಾವತ್ತು, ಇವತ್ತಿಗೆ ಎಷ್ಟು ದಿನ. ‘ಈಗರ್ಲಿ’ಗೆ ಉತ್ತರ ಕೊಡದೆ ಇರಬಹುದು. 94 ದಿನ ಅಂತ ಬರೆದರೆ ಓದಿದವರು ಒಂದು ಸಲ ಕ್ಯಾಲೆಂಡರ್ ನೋಡಲೇಬೇಕು. ಕಾದ ದಿನಗಳನ್ನು ಎಣಿಸಿ ತೋರಿಸೋದು, ಅದೇ ನಮ್ಮ ಕೈಯಲ್ಲಿರುವ ಏಜಿಂಗ್.

ಇದನ್ನು ನಾವು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಗಬ್ಬೂರಿನಲ್ಲಿ ಮಳೆ ಶಂಕರ ಗುಡಿಯಂಥ ಹಳೇ ಗುಡಿಗಳಿವೆ, ಚಾಲುಕ್ಯರ ಕಾಲದ ಶಾಸನಗಳಿವೆ. ಆ ಕಾಲದ ಶಾಸನಗಳಲ್ಲಿ ಸಾಮಾನ್ಯವಾಗಿ ಶಕ ವರ್ಷ, ಸಂವತ್ಸರ, ತಿಂಗಳು, ತಿಥಿ, ವಾರ ಎಲ್ಲಾ ಕೆತ್ತಿರ್ತಾರೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವತ್ತು ಕೊಟ್ಟರು. ಕೊಟ್ಟ ಮಾತಿಗೆ ತಾರೀಕು ಇರಬೇಕು ಅಂತ ಕಲ್ಲು ಕಡೆಯುವವರಿಗೂ ಗೊತ್ತಿತ್ತು.

ನಮಗೆ ನಾವೇ ಹೇಳಿಕೊಳ್ಳಬೇಕಾದ್ದೂ ಒಂದಿದೆ. ಲೆಕ್ಚರ್ ವಿಡಿಯೋವನ್ನು ಎರಡರ ಸ್ಪೀಡಿನಲ್ಲಿ ನೋಡೋದು, ಲಿಫ್ಟ್ ಬಟನ್ ಹತ್ತು ಸಲ ಒತ್ತೋದು, ಎರಡನೇ ವರ್ಷಕ್ಕೇ ಪ್ಯಾಕೇಜ್ ಲೆಕ್ಕ ಹಾಕೋದು, ಇದೆಲ್ಲಾ ಅವಸರ ಅಲ್ಲ, ಆತುರ. ಕೂಸು ಹುಟ್ಟೋ ಮುಂಚೆ ಕುಲಾವಿ. ಎರಡಕ್ಕೂ ಒಂದೇ ಪದ ಬಳಸಿದರೆ ನಮ್ಮ ಲಿಫ್ಟಿನ ಆತುರವೂ ಟೇಲ್ ಎಂಡ್ ರೈತನ ಅವಸರವೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಅದು ಆಗಬಾರದು.

ಮುಂದಿನ ಮೇಲ್ ಬರೆದು ಸೆಂಡ್ ಒತ್ತುವ ಮುಂಚೆ ಕೊನೇ ಸಾಲನ್ನು ಒಮ್ಮೆ ಓದಿ. ಕಾಯ್ತಿರೋದು ಯಾರು, ಕಾಯಿಸ್ತಿರೋದು ಯಾರು, ಎಷ್ಟು ದಿನದಿಂದ? ಉತ್ತರಕ್ಕೆ ತಕ್ಕ ಪದ ಇಂಗ್ಲಿಷಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಹುಡುಕೋಕೆ ಎರಡು ನಿಮಿಷ ಸಾಕು. ಅಷ್ಟು ತಡೀರಿ, ಗಡಿಬಿಡಿ ಬ್ಯಾಡ.